ಯುರೇನಿಯಂ ಕಸವೂ ದಾರಿಯವರ ಹಕ್ಕೂ

ಅಪಾಯಕರವಾದ ವಸ್ತುವೊಂದನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವಾಗ ಶಾಸನವು ಮುಖ್ಯವಾಗಿ ಯಾವುದರ ಕಡೆಗೆ ದೃಷ್ಟಿಯಿಡತಕ್ಕದ್ದು: ವಸ್ತುವಿನ ಕಡೆಗೋ, ಅದನ್ನು ಹೊತ್ತ ವಾಹನದ ಕಡೆಗೋ, ಅಥವಾ ಆ ವಾಹನವು ಹಾದುಹೋಗುವ ದಾರಿಯ ಇಕ್ಕೆಲಗಳಲ್ಲಿ ಮನೆ ಮಾಡಿಕೊಂಡಿರುವ ಜನರ ಕಡೆಗೋ? ಸಿಡಿಮದ್ದು, ಪೆಟ್ರೋಲು, ಆಮ್ಲ ಮೊದಲಾದವುಗಳ ವಿಷಯದಲ್ಲಿ ಈ ಪ್ರಶ್ನೆ ಬಹಳ ತೊಡಕಿನದಲ್ಲ. ಅವುಗಳ ಕೇಡು ಕಣ್ಣಿಗೆ ಕಾಣುವಂಥದು, ಒಂದು ಗಳಿಗೆಯಲ್ಲಿ ಸಂಭವಿಸಿ ಅನತಿಕಾಲದಲ್ಲಿ ಮುಗಿದುಹೋಗುವಂಥದು. ಯುರೇನಿಯಂ ಗಣಿ ಮತ್ತು ಕಾರ್ಖಾನೆಗಳಿಂದ ಹೊರಬೀಳುವ ವಿಕಿರಣಶೀಲವಾದ ಕಸವಾದರೋ ಹೊಗೆಯಾಡುವುದಿಲ್ಲ, ವಾಸನೆ ಬೀರುವುದಿಲ್ಲ, ಸಿಡಿಯುವುದೂ ಇಲ್ಲ. ನೋಡಿದವನಿಗೆ ಅದು ಬರಿಯ ಮಣ್ಣು. ಆದರೆ ಆ ಮಣ್ಣಿನ ಆಯುಷ್ಯದ ಮುಂದೆ ಮನುಷ್ಯರು ಕಟ್ಟಿದ ರಾಜ್ಯಗಳ ಆಯುಷ್ಯ ಅತ್ಯಲ್ಪವಾದದ್ದು. ಇಂಥ ವಸ್ತುವಿನ ಸಾಗಣೆಗೆ ನಾವು ಮಾಡಿಕೊಂಡಿರುವ ನಿಯಮಗಳು ಎಷ್ಟರಮಟ್ಟಿಗೆ ಸಾಲುತ್ತವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಆ ನಿಯಮಗಳ ಗುಣವನ್ನು ಹೇಳುವುದು ನ್ಯಾಯ. ವಿಯೆನ್ನಾ ನಗರದಲ್ಲಿರುವ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ವಿಕಿರಣಶೀಲ ದ್ರವ್ಯಗಳ ಸಾಗಣೆಯ ನಿಯಮಾವಳಿಯನ್ನು ಪ್ರಥಮತಃ ಪ್ರಕಟಿಸಿದ್ದು 1961ರಲ್ಲಿ; ಅಲ್ಲಿಂದೀಚೆಗೆ ಅದು ಹಲವು ಬಾರಿ ಪರಿಷ್ಕೃತವಾಗಿದೆ, ಮತ್ತು ಬಹುಪಾಲು ರಾಷ್ಟ್ರಗಳ ಕಾನೂನುಗಳು ಅದನ್ನೇ ಅನುಸರಿಸಿ ಬೆಳೆದಿವೆ. ಅದರ ಮೂಲತತ್ತ್ವ ಬಹು ಸರಳವಾದದ್ದು: ಸುರಕ್ಷತೆಯನ್ನು ಚಾಲಕನ ಎಚ್ಚರಿಕೆಗೆ ಒಪ್ಪಿಸಿಬಿಡದೆ ಪೆಟ್ಟಿಗೆಯಲ್ಲಿಯೇ ಅಡಗಿಸಿಡತಕ್ಕದ್ದು, ಒಳಗಿನ ವಸ್ತು ಎಷ್ಟು ಉಗ್ರವೋ ಪೆಟ್ಟಿಗೆಯೂ ಅಷ್ಟು ದೃಢವಾಗಿರತಕ್ಕದ್ದು. ಬಳಸಿದ ಅಣು ಇಂಧನದಂಥ ತೀಕ್ಷ್ಣದ್ರವ್ಯವನ್ನು ಒಯ್ಯುವ ‘ಬಿ’ ವರ್ಗದ ಪೆಟ್ಟಿಗೆಯು 9 ಮೀಟರ್ ಎತ್ತರದಿಂದ, ಸ್ವಲ್ಪವೂ ಬಗ್ಗದ ನೆಲದ ಮೇಲೆ ಬಿದ್ದು ತಾಳಿಕೊಳ್ಳಬೇಕು. ಒಂದು ಮೀಟರ್ ಎತ್ತರದಿಂದ ಉಕ್ಕಿನ ಗೂಟದ ಮೇಲೆ ಬಿದ್ದರೂ ತೂತಾಗಬಾರದು. ಆ ಪೆಟ್ಟುಗಳನ್ನು ತಿಂದ ಮೇಲೆ 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅರ್ಧ ಗಂಟೆ ಬೆಂದೂ ಒಳಗಿನದನ್ನು ಕಾಪಾಡಬೇಕು. ನೀರಿನಲ್ಲಿ ಮುಳುಗಿಸುವ ಪರೀಕ್ಷೆ ಇನ್ನೊಂದು. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ವಿಕಿರಣವೆಷ್ಟೆಂದು ಅಳೆದು, ಅದರಿಂದ ‘ಸಾಗಣೆ ಸೂಚ್ಯಂಕ’ವನ್ನು ಗುಣಿಸಿ, ಬಿಳಿಯ ಅಥವಾ ಹಳದಿಯ ಚೀಟಿಯನ್ನು ಅಂಟಿಸಬೇಕು. ಲಾರಿಯ ಮೇಲೆ ಸರಕು ಹೇರುವ ಕೂಲಿಯಾಳಿಗೆ ಭೌತಶಾಸ್ತ್ರ ತಿಳಿಯದಿದ್ದರೂ ಚೀಟಿಯ ಬಣ್ಣ ತಿಳಿಯುತ್ತದೆ. ವಿಜ್ಞಾನವನ್ನು ಈ ಬಗೆಯಾಗಿ ಸಾಮಾನ್ಯನ ರಕ್ಷಣೆಗೆ ಇಳಿಸಿತಂದ ಶಾಸನಗಳು ವಿರಳ.

ಆದರೆ ಇದೇ ನಿಯಮಾವಳಿಯಲ್ಲಿ ಯುರೇನಿಯಂ ಅದಿರಿಗೆ ಯಾವ ಸ್ಥಾನವಿದೆಯೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಇತರ ಧಾತುಗಳ ಹೆಸರಿನ ಎದುರಿಗೆ, ಒಂದು ಸಾಧಾರಣ ಪೆಟ್ಟಿಗೆಯಲ್ಲಿ ಇಷ್ಟನ್ನು ಮಾತ್ರ ಇಡಬಹುದೆಂಬ ಅಂಕಿಯಿದ್ದರೆ, ನೈಸರ್ಗಿಕ ಯುರೇನಿಯಂ ಎಂಬುದರ ಎದುರಿಗೆ ‘ಮಿತಿಯಿಲ್ಲ’ ಎಂದಿದೆ. ಅದಿರನ್ನು ಪೆಟ್ಟಿಗೆಯೇ ಇಲ್ಲದೆ, ರಾಶಿಯಾಗಿ, ಲಾರಿಯಲ್ಲಿ ತುಂಬಿ ಒಯ್ಯಬಹುದು. ಹೀಗೆ ಬಿಡಿಯಾಗಿ ಸಾಗುವ ವಸ್ತು ಸಾಮಾನ್ಯ ಪ್ರಯಾಣದಲ್ಲಿ ವಾಹನದಿಂದ ಹೊರಕ್ಕೆ ಚೆಲ್ಲಕೂಡದೆಂಬ ವಿಧಿಯುಂಟಷ್ಟೆ. ನಿಸರ್ಗದತ್ತ ಧಾತುಗಳನ್ನಷ್ಟೇ ಹೊಂದಿದ ಅದಿರಿಗೆ ಆ ವಿಧಿಯಿಂದಲೂ ವಿನಾಯಿತಿ. ಇದರ ಹಿಂದೆ ತರ್ಕವಿಲ್ಲದಿಲ್ಲ. ಅಪಘಾತವಾಗಿ ಧೂಳೆದ್ದರೂ ಒಬ್ಬ ಮನುಷ್ಯನ ದೇಹವನ್ನು 10 ಮಿಲಿಗ್ರಾಮಿಗಿಂತ ಹೆಚ್ಚು ಸೇರುವ ಸಂಭವವಿಲ್ಲ, ಅಷ್ಟು ಸೇರಿದರೂ ಪ್ರಮಾದವಿಲ್ಲ ಎಂಬುದು ನಿಯಮಕಾರರ ಗಣನೆ. ಆ ಗಣನೆ ತಪ್ಪೆಂದು ನಾನು ಹೇಳುವುದಿಲ್ಲ. ಅದು ಒಂದು ಅಪಘಾತದ, ಒಬ್ಬ ಮನುಷ್ಯನ, ಒಂದು ಉಸಿರಿನ ಗಣನೆಯೆಂಬುದಷ್ಟೇ ನನ್ನ ಆಕ್ಷೇಪ. ಚಿನ್ನವನ್ನು ತೂಗುವ ತಕ್ಕಡಿಯಲ್ಲಿ ಬಂಡಿಗಟ್ಟಲೆ ಗೊಬ್ಬರವನ್ನು ತೂಗಹೊರಟವನು ಪ್ರತಿಯೊಂದು ಹಿಡಿಯನ್ನೂ ಸರಿಯಾಗಿಯೇ ತೂಗಬಹುದು. ಬಂಡಿ ಎಷ್ಟು ಭಾರವೆಂಬುದು ಮಾತ್ರ ಅವನಿಗೆ ತಿಳಿಯದೆ ಹೋಗುತ್ತದೆ.

ಯುರೇನಿಯಂ ಕಸದ ಅಪಾಯವಿರುವುದು ಅದರ ರಾಶಿಯಲ್ಲಿ ಮತ್ತು ಅದರ ಕಾಲದಲ್ಲಿ. ಕೋಲಾರದ ಚಿನ್ನದ ಗಣಿಗಳ ಬಳಿ ‘ಸೈನೈಡ್ ಗುಡ್ಡ’ಗಳೆಂದು ಜನ ಕರೆಯುವ ದಿಬ್ಬಗಳನ್ನು ಕಂಡವರಿಗೆ, ಅದಿರಿನಿಂದ ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಬೇಡವಾದದ್ದು ಎಷ್ಟು ಉಳಿಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಯುರೇನಿಯಂ ವಿಷಯದಲ್ಲಿ ಇನ್ನೊಂದು ವಿಶೇಷವುಂಟು: ಅದಿರಿನಲ್ಲಿದ್ದ ವಿಕಿರಣಶೀಲತೆಯ ಸುಮಾರು ಶೇಕಡಾ 85 ಭಾಗ ಹೊರಚೆಲ್ಲುವ ಮಣ್ಣಿನಲ್ಲಿಯೇ ನಿಲ್ಲುತ್ತದೆ. ಏಕೆಂದರೆ ಯುರೇನಿಯಂ ಕ್ಷಯಿಸಿ ಹುಟ್ಟಿಬಂದ ಥೋರಿಯಂ ಮತ್ತು ರೇಡಿಯಂಗಳನ್ನು ಕಾರ್ಖಾನೆಯವರು ತೆಗೆದುಕೊಳ್ಳುವುದಿಲ್ಲ. ಆ ರೇಡಿಯಂ ಅರ್ಧದಷ್ಟು ಕ್ಷಯಿಸುವುದಕ್ಕೆ 1600 ವರ್ಷ ಬೇಕು, ಅದರ ಜನಕವಾದ ಥೋರಿಯಮ್ಮಿಗೆ 75,000 ವರ್ಷಕ್ಕೂ ಮಿಕ್ಕಿದ ಕಾಲ. ನಿಯಮಾವಳಿಯೇ ಒಂದೆಡೆ ಇದನ್ನು ಒಪ್ಪಿಕೊಂಡಂತಿದೆ: ಹೊರೆಯಿಂದ ಒಂದು ಮೀಟರ್ ದೂರದ ವಿಕಿರಣಕ್ಕೆ ಅದು ಕೊಟ್ಟಿರುವ ಊಹಾಮಾನವು ಶುದ್ಧೀಕರಿಸಿದ ಯುರೇನಿಯಂ ಹಿಟ್ಟಿಗೆ ಗಂಟೆಗೆ 0.02 ಮಿಲಿಸೀವರ್ಟ್, ಹಸಿಯ ಅದಿರಿಗೆ 0.4. ಬೆಲೆಬಾಳುವ ಭಾಗ ಸೌಮ್ಯವಾದದ್ದು, ಬಿಸುಡುವ ಭಾಗವೇ ಉಗ್ರವಾದದ್ದು.

ಆದಕಾರಣ ಕಸವನ್ನು ಸಾಗಿಸಲೇಕೂಡದೆಂಬ ನಿರ್ಣಯಕ್ಕೆ ಹಾರುವುದು ಅವಿವೇಕ. ಅಮೆರಿಕದ ಯೂಟಾ ಸಂಸ್ಥಾನದ ಮೋಆಬ್ ಎಂಬ ಊರಿನ ಬಳಿ 1956ರಿಂದ 1984ರವರೆಗೆ ನಡೆದ ಒಂದು ಯುರೇನಿಯಂ ಕಾರ್ಖಾನೆಯು ಕೊಲರಾಡೋ ನದಿಯ ದಡದಲ್ಲಿಯೇ 1 ಕೋಟಿ 60 ಲಕ್ಷ ಟನ್ನುಗಳಷ್ಟು ಕಸವನ್ನು ಬಿಟ್ಟುಹೋಯಿತು. ಅದರಿಂದ ಒಸರಿದ ನೀರು ಅಂತರ್ಜಲವನ್ನು ಕೆಡಿಸುತ್ತ ನದಿಯ ಕಡೆಗೆ ಜಾರುತ್ತಿತ್ತು. ಅಲ್ಲಿನ ಇಂಧನ ಇಲಾಖೆಯು ಮುಚ್ಚಳವುಳ್ಳ ಉಕ್ಕಿನ ತೊಟ್ಟಿಗಳಲ್ಲಿ ಆ ಮಣ್ಣನ್ನು ತುಂಬಿ, 30 ಮೈಲಿ ಉತ್ತರಕ್ಕಿರುವ ಕ್ರೆಸೆಂಟ್ ಜಂಕ್ಷನ್ ಎಂಬಲ್ಲಿಗೆ ರೈಲಿನಲ್ಲಿ ಒಯ್ದು ಹೂಳುವ ಕೆಲಸವನ್ನು 2009ರಲ್ಲಿ ಆರಂಭಿಸಿತು. ಅಪಾಯವನ್ನು ಇದ್ದಲ್ಲಿಯೇ ಬಿಡುವುದು ಸಾಗಿಸುವುದಕ್ಕಿಂತ ದೊಡ್ಡ ಅಪಾಯವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೊರೆ ಹೊರಡುವ ಸ್ಥಳ, ಸಾಗುವ ದಾರಿ, ಸೇರುವ ಸ್ಥಳ ಈ ಮೂರೂ ಮೊದಲೇ ನಿಶ್ಚಿತವಾಗಿದ್ದುವು, ಮತ್ತು ಮೂರಕ್ಕೂ ಹೊಣೆಗಾರನು ಒಬ್ಬನೇ ಆಗಿದ್ದನು.

ಈ ವ್ಯವಸ್ಥೆ ಇಲ್ಲದಿದ್ದಲ್ಲಿ ಏನಾಗುವುದೆಂಬುದನ್ನು ನೆರೆಯ ಅರಿಜೋನಾದಲ್ಲಿ ಕಂಡೆವು. 2024ರ ಜುಲೈ 30ರಂದು ಎನರ್ಜಿ ಫ್ಯೂಯಲ್ಸ್ ಎಂಬ ಕಂಪನಿಯು ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣಕ್ಕಿರುವ ಪಿನ್ಯನ್ ಪ್ಲೇನ್ ಗಣಿಯಿಂದ ಯೂಟಾದ ವೈಟ್ ಮೆಸಾ ಕಾರ್ಖಾನೆಗೆ ಅದಿರಿನ ಲಾರಿಗಳನ್ನು ಹೊರಡಿಸಿತು. ದಾರಿಯು ನವಾಹೋ ಜನಾಂಗದ ಭೂಮಿಯನ್ನು ಹಾದುಹೋಗುತ್ತದೆ. ಆ ಭೂಮಿಯಲ್ಲಿ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಅದಿರನ್ನು ಅಗೆದ ಹಿಂದಿನವರು 500ಕ್ಕೂ ಹೆಚ್ಚು ಗಣಿಗಳನ್ನು ಹಾಗೆಯೇ ತೆರೆದುಬಿಟ್ಟು ಹೋಗಿದ್ದರು. 1979ರಲ್ಲಿ ಚರ್ಚ್ ರಾಕ್ ಎಂಬಲ್ಲಿ ಕಸದ ಕಟ್ಟೆಯೊಡೆದು ಪ್ವೆರ್ಕೋ ನದಿಗೆ ಹರಿದದ್ದನ್ನೂ ಆ ಜನ ಅನುಭವಿಸಿದ್ದರು. ಲಾರಿಗಳು ಬರುವ ವಿಷಯವನ್ನು ತಮಗೆ ಮುಂಚಿತವಾಗಿ ತಿಳಿಸಲಿಲ್ಲವೆಂದು ಆಕ್ಷೇಪಿಸಿ ನವಾಹೋ ಅಧ್ಯಕ್ಷರಾದ ಬೂ ನೈಗ್ರೆನ್ ಅವರು ವಾಹನಗಳನ್ನು ತಡೆಯಲು ಪೊಲೀಸರನ್ನು ಕಳುಹಿಸಿದರು. ಸೋಜಿಗವೆಂದರೆ, ಬಳಸಿದ ಇಂಧನದಂಥ ತೀಕ್ಷ್ಣದ್ರವ್ಯವಾಗಿದ್ದರೆ ಮುನ್ಸೂಚನೆ ಕೊಡಬೇಕೆಂಬ ಒಕ್ಕೂಟದ ನಿಯಮವಿದೆ. ಅದಿರಿಗೆ ಅದು ಅನ್ವಯಿಸುವುದಿಲ್ಲ. ಕಂಪನಿಯು ಒಕ್ಕೂಟದ ನಿಯಮದಲ್ಲಿ ನಿಂತಿತು, ಜನರು ತಮ್ಮ ಸ್ಮೃತಿಯಲ್ಲಿ ನಿಂತರು. ರಾಜ್ಯಪಾಲರ ಮಧ್ಯಸ್ಥಿಕೆಯಿಂದ ಸಾಗಣೆ ನಿಂತು, 2025ರ ಜನವರಿಯಲ್ಲಿ ಒಪ್ಪಂದವಾಯಿತು: ದಾರಿಗೆ, ಹೊತ್ತಿಗೆ, ಹೊದಿಕೆಗೆ ಕಟ್ಟಳೆಗಳು, ಜೊತೆಗೆ ಹಳೆಯ ಗಣಿಗಳ ಕಸದಲ್ಲಿ 10,000 ಟನ್‌ವರೆಗೆ ಕಂಪನಿಯೇ ಸಾಗಿಸುವ ವಚನ. ಮುಂಚೆಯೇ ಕುಳಿತು ಮಾತಾಡಿದ್ದರೆ ಆಗಬಹುದಾಗಿದ್ದ ಕೆಲಸ ಪೊಲೀಸರು ಹೊರಟ ಮೇಲೆ ಆಯಿತು. ಹಾಗಾದರೂ ಪ್ರಶ್ನೆ ಪೂರ್ತಿ ತೀರಲಿಲ್ಲ. ನವಾಹೋಗಳ ನೆಲದಿಂದ ತೆಗೆದ ಕಸ ಹೋಗಿ ಸೇರುವ ವೈಟ್ ಮೆಸಾದ ಪಕ್ಕದಲ್ಲಿ ಯೂಟ್ ಜನಾಂಗದವರ ವಸತಿಯಿದೆ, ಮತ್ತು ಅವರೂ ಆ ಕಾರ್ಖಾನೆಯನ್ನು ಬಹುಕಾಲದಿಂದ ವಿರೋಧಿಸುತ್ತಿದ್ದಾರೆ.

ಇಲ್ಲಿ ವ್ಯವಹಾರಜ್ಞರು ಒಂದು ಮಾತನ್ನು ಎತ್ತಬಹುದು: ದಾರಿಯ ಮೇಲಿನ ಪ್ರತಿಯೊಂದು ಹಳ್ಳಿಗೂ ಬೇಡವೆನ್ನುವ ಅಧಿಕಾರವನ್ನು ಕೊಟ್ಟರೆ ಯಾವ ಲಾರಿಯೂ ಕದಲದು, ಮೋಆಬ್ ಕಸ ನದಿಯ ದಡದಲ್ಲಿಯೇ ಕೊಳೆಯುತ್ತಿತ್ತು. ಮಾತು ನಿಜ. ಆದರೆ ತಿಳಿಯುವ ಹಕ್ಕು ಬೇರೆ, ತಡೆಯುವ ಹಕ್ಕು ಬೇರೆ. ಎರಡನೆಯದಕ್ಕೆ ಮೇರೆ ಇರಬೇಕು. ಮೊದಲನೆಯದನ್ನು ನಿರಾಕರಿಸುವುದಕ್ಕೆ ಕಾರಣವೇ ಇಲ್ಲ. ತೀಕ್ಷ್ಣದ್ರವ್ಯದ ಸಾಗಣೆಯಲ್ಲಿ ಕಳವಿನ ಭಯದಿಂದ ಗುಟ್ಟು ಬೇಕಾದೀತು. ಲಾರಿಗಟ್ಟಲೆ ಕಸಮಣ್ಣನ್ನು ಕದಿಯುವವರಾರು? ವಿಕಿರಣದ ಪ್ರಮಾಣ ಅಲ್ಪವೆಂಬುದೇ ನಿಶ್ಚಯವಾದರೆ ಅದನ್ನು ಅಳೆದು, ದಾರಿಯ ಜನರ ಮುಂದೆ ಇಡುವುದಕ್ಕೆ ಸಂಕೋಚವೇಕೆ? ಹಾಗೆ ಇಡದೆ ಹೋದಾಗ ಸುಳ್ಳು ಭಯವೂ ನಿಜವಾದ ಭಯವೂ ಒಂದೇ ತೂಕದವಾಗಿಬಿಡುತ್ತವೆ, ಮತ್ತು ವಿಜ್ಞಾನಕ್ಕೆ ಸಲ್ಲಬೇಕಾದ ವಿಶ್ವಾಸವು ವದಂತಿಗೆ ಸಲ್ಲುತ್ತದೆ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಾಗಣೆ ಸಂಹಿತೆ ವಿಯೆನ್ನಾದ ಮಾದರಿಯದೇ. ಜಾದುಗೂಡದ ಕಾರ್ಖಾನೆಯ ಯುರೇನಿಯಂ ಹಿಟ್ಟು ಪೀಪಾಯಿಗಳಲ್ಲಿ ಹೈದರಾಬಾದಿಗೆ ಬರುವುದು ಸಂಹಿತೆಯ ದೃಷ್ಟಿಯಲ್ಲಿ ‘ಸಾಗಣೆ’. ಆ ಕಾರ್ಖಾನೆಯಿಂದ ಕಸದ ಕೆರೆಗೆ ಕೊಳವೆಯಲ್ಲಿ ಹರಿಯುವ ಗಸಿ ಆ ಅರ್ಥದಲ್ಲಿ ಸಾಗಣೆಯೇ ಅಲ್ಲ. ಆದರೂ 2006ರ ಡಿಸೆಂಬರ್ 24ರಂದು ಆ ಕೊಳವೆಯೇ ಒಡೆದು ಗಸಿ ಹಳ್ಳಿಯ ತೊರೆಯನ್ನು ಸೇರಿತು. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ, ಪರಿಶೋಧನೆಯೂ ನಡೆದಿದೆ, ಊರವರ ವಿರೋಧವೂ ಕೇಳಿಬಂದಿದೆ. ಅಲ್ಲಿ ಎಂದಾದರೊಂದು ದಿನ ಗಣಿ ಆರಂಭವಾಗುವುದೋ ಇಲ್ಲವೋ. ಆಗುವುದಾದರೆ ಅದಿರು ಯಾವ ದಾರಿಯಲ್ಲಿ ಹೋಗುತ್ತದೆ, ಕಸ ಎಲ್ಲಿ ನಿಲ್ಲುತ್ತದೆ, ಅದರ ಲೆಕ್ಕವನ್ನು ಯಾರು ಇಡುತ್ತಾರೆ ಎಂಬುದನ್ನು ಮೊದಲ ಗುದ್ದಲಿ ಬೀಳುವುದಕ್ಕಿಂತ ಮುಂಚೆ ಕೇಳುವುದು ನಾಗರಿಕರ ಕರ್ತವ್ಯ.

ನನ್ನ ಅಭಿಪ್ರಾಯದಲ್ಲಿ ಇರುವ ನಿಯಮಕ್ಕೆ ಮೂರು ಅಂಗಗಳು ಸೇರಬೇಕಾಗಿವೆ. ಬಿಡಿಯಾಗಿ ಸಾಗುವ ಅದಿರಿಗೂ ಕಸಕ್ಕೂ ಮುಚ್ಚಿದ ತೊಟ್ಟಿ ಕಡ್ಡಾಯವಾಗಬೇಕು, ವಿನಾಯಿತಿ ಕೂಡದು. ದಾರಿಯಲ್ಲಿರುವವರಿಗೂ ದಾರಿಯ ಕೊನೆಯಲ್ಲಿರುವವರಿಗೂ ಮುನ್ಸೂಚನೆ ಸಮಾನವಾಗಿ ಸಲ್ಲಬೇಕು. ಒಂದೊಂದು ಲಾರಿಯ ಸೂಚ್ಯಂಕದ ಜೊತೆಗೆ, ವರ್ಷದಲ್ಲಿ ಆ ದಾರಿಯ ಮೇಲೆ ಸಾಗಿದ ಒಟ್ಟು ಟನ್ನುಗಳ ಲೆಕ್ಕವೂ ಸಾರ್ವಜನಿಕವಾಗಬೇಕು, ಮತ್ತು ಆ ಲೆಕ್ಕಕ್ಕೆ ಉತ್ತರವಾದಿಯಾದ ಒಬ್ಬನು ಹೆಸರಿಸಲ್ಪಟ್ಟಿರಬೇಕು. ಇವುಗಳಲ್ಲಿ ಯಾವುದೂ ಅಣುಶಕ್ತಿಯನ್ನು ತಡೆಯುವುದಿಲ್ಲ; ಅದರ ನಿಜವಾದ ಬೆಲೆಯೆಷ್ಟೆಂಬುದನ್ನು ಬಯಲಿಗೆ ತರುತ್ತವೆ. ವಿದ್ಯುತ್ತಿನ ಪ್ರಯೋಜನವನ್ನು ಪಡೆಯುವವರು ನಗರಗಳಲ್ಲಿಯೂ, ಅದರ ಕಸದೊಡನೆ ಬಾಳುವವರು ಗಣಿಯ ಹಳ್ಳಿಗಳಲ್ಲಿಯೂ ಇರುವವರೆಗೆ, ಆ ಬೆಲೆಯನ್ನು ಎರಡು ಕಡೆಯವರೂ ಅರಿತು ಹಂಚಿಕೊಳ್ಳುವಂತೆ ಮಾಡುವುದು ಶಾಸನದ ಕನಿಷ್ಠಧರ್ಮ.