ಆಂಬುಲೆನ್ಸಿನಲ್ಲಿ ರೋಗಿಯ ಜತೆ ಯಾರಿದ್ದಾರೆ?

2020ರ ಫೆಬ್ರವರಿಯಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಿಂದ 40 ದಿನದ ಮಗುವೊಂದನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗಿಸಿದ್ದು ನಮ್ಮ ಓದುಗರಿಗೆ ನೆನಪಿರಬಹುದು. ಜನರು ದಾರಿ ಬಿಟ್ಟುಕೊಟ್ಟರು, ಸುಮಾರು ನಾಲ್ಕೂವರೆ ಗಂಟೆಯಲ್ಲಿ ಗಾಡಿ ತಲುಪಿತು. ಚಾಲಕನನ್ನು ನಾವೆಲ್ಲರೂ ಹೊಗಳಿದೆವು, ಹೊಗಳಬೇಕಾದದ್ದೇ. ಗಾಡಿಯ ಹಿಂಭಾಗದಲ್ಲಿ ಮಗುವಿನ ಉಸಿರನ್ನು ಕಾಯುವ ಕೆಲಸದ ಬಗ್ಗೆ ಮಾತ್ರ ಮಾತು ಕಡಿಮೆಯಾಯಿತು.

ಈ ಪ್ರಶ್ನೆ ಬಾಗಲಕೋಟೆ ಜಿಲ್ಲೆಯ ಸಾವಳಗಿಯಂತಹ ಊರುಗಳಲ್ಲಿ ಇನ್ನೂ ಕಠಿಣವಾದುದು. ಅಲ್ಲಿಂದ ಜಮಖಂಡಿಯ ತಾಲೂಕು ಆಸ್ಪತ್ರೆಗೆ ಹೋಗಲು ಕೃಷ್ಣಾ ನದಿ ದಾಟಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಬೇಕೆಂದರೆ ವಿಜಯಪುರ, ಇಲ್ಲವೇ ಇನ್ನೂ ದೂರದ ಬಾಗಲಕೋಟೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ತಾಯಿಯನ್ನು ಡ್ರಿಪ್ ಹಾಕಿ, ಬಾಟಲಿಯನ್ನು ಆಕೆಯ ತಮ್ಮನ ಕೈಗೆ ಕೊಟ್ಟು ಕಳುಹಿಸಿದರೆ, ಬಾಟಲಿ ಖಾಲಿಯಾದದ್ದು ಅವನಿಗೆ ತಿಳಿಯುತ್ತದೆ, ನಾಡಿ ಇಳಿದದ್ದು ತಿಳಿಯುವುದಿಲ್ಲ.

ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಸೇವೆಯಲ್ಲಿ ಚಾಲಕನಲ್ಲದೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ಸಿಬ್ಬಂದಿಯೂ ಇರುತ್ತಾರೆ. ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾಗಿ ಬಂದವರೂ ಇವರೇ. ಖಾಸಗಿ ಗಾಡಿಗಳಲ್ಲಿ ಅನೇಕ ಸಲ ಚಾಲಕನೊಬ್ಬನೇ. ಸೈರನ್ ಇದ್ದ ಮಾತ್ರಕ್ಕೆ ಒಳಗೆ ಚಿಕಿತ್ಸೆ ಇದೆ ಎಂದು ನಾವು ನಂಬಿಬಿಡುತ್ತೇವೆ.

ಹಾಗೆಂದು ಕಳುಹಿಸುವ ಆಸ್ಪತ್ರೆಯನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇರುವಲ್ಲಿ ಅವರು ಗಾಡಿ ಹತ್ತಿದರೆ ವಾರ್ಡಿನ ಉಳಿದ ರೋಗಿಗಳನ್ನು ನೋಡುವವರು ಯಾರು? ಬೆಳಗಿನ ಜಾವ ಖಾಲಿ ಗಾಡಿಯಲ್ಲಿ ಮರಳುವ ಆ ಹೆಣ್ಣುಮಗಳ ಸುರಕ್ಷತೆ, ಹೆಚ್ಚುವರಿ ಭತ್ಯೆ ಯಾರ ಹೊಣೆ? ರೋಗಿಯ ಜತೆ ಹೋಗುವುದನ್ನು ಉಪಕಾರವೆಂದು ಎಣಿಸದೆ, ಪಾಳಿಯ ಪಟ್ಟಿಯಲ್ಲೇ ಬರೆದಿಡಬೇಕಾದ ಕೆಲಸವೆಂದು ಎಣಿಸುವ ತನಕ ಇದು ಸರಿಹೋಗದು ಎಂಬುದು ನಮ್ಮ ಅನಿಸಿಕೆ.

ಧರ್ಮಕೇಂದ್ರಗಳಲ್ಲಿ ಬಡ ರೋಗಿಗಳಿಗೆ ಗಾಡಿ ಗೊತ್ತುಮಾಡಿಕೊಡುವ ಕಾರ್ಯಕರ್ತರು ಬಾಡಿಗೆ ಎಷ್ಟೆಂದು ಕೇಳುವ ಮೊದಲು, ಹಿಂದೆ ಕೂರುವವರು ಯಾರು ಎಂದು ಕೇಳಲಿ. ಆಕ್ಸಿಜನ್ ಲೆಕ್ಕವನ್ನೂ ಕೇಳಲಿ. ಸುಮಾರು 1500 ಲೀಟರಿನ ತುಂಬಿದ ಸಿಲಿಂಡರ್, ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ, ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಸಾವಳಗಿಯಿಂದ ವಿಜಯಪುರಕ್ಕೆ ಅದು ಸಾಕು, ಮಂಗಳೂರಿನಿಂದ ಬೆಂಗಳೂರಿಗೆ ಸಾಲದು. ಚೀಟಿಯಲ್ಲಿ ಕೊಟ್ಟ ಔಷಧಿ ಮತ್ತು ಕೊಟ್ಟ ಸಮಯ ಬರೆದಿದೆಯೇ, ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯೆಂದು ತಿಳಿದುಕೊಂಡಿದ್ದಾರೆಯೇ ಎಂಬುದನ್ನು ಗಾಡಿಯ ಬಾಗಿಲು ಹಾಕುವ ಮುನ್ನವೇ ವಿಚಾರಿಸಬೇಕು.