ಗಾಂಜಾದ ಅಮಲಿಗೆ ತಕ್‌ದೀರಿನ ಮುಸುಕೇ?

2023ರ ಮೇ 29ರಂದು ತಿ. ನರಸೀಪುರ ತಾಲೂಕಿನ ಕುರುಬೂರಿನ ಬಳಿ ಕಾರು ಮತ್ತು ಖಾಸಗಿ ಬಸ್ಸು ಡಿಕ್ಕಿಯಾಗಿ 10 ಮಂದಿ ಅಸುನೀಗಿದರು. ಆ ದುರಂತಕ್ಕೂ ಅಮಲಿಗೂ ಸಂಬಂಧ ಕಲ್ಪಿಸುವುದು ಅನ್ಯಾಯ. ಆದರೆ ಈ ಸೀಮೆಯ ರಸ್ತೆಗಳಲ್ಲಿ ಕ್ಷಣವೊಂದರ ಬೆಲೆ ಎಷ್ಟೆಂಬುದನ್ನು ಅದು ಎಲ್ಲರಿಗೂ ತೋರಿಸಿಕೊಟ್ಟಿತು. ಮೂಗೂರಿನಿಂದ ನರಸೀಪುರಕ್ಕೋ ನಂಜನಗೂಡಿಗೋ ರಾತ್ರಿ ಹೊತ್ತು ಹೊರಟವರು ಬಲ್ಲರು: ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ತಿರುವಿನಲ್ಲಿ ಥಟ್ಟನೆ ಎದುರಾಗುವ ಎತ್ತಿನ ಗಾಡಿ. ಪೂರ್ಣ ಎಚ್ಚರದಲ್ಲಿರುವ ಚಾಲಕನಿಗೇ ಇಲ್ಲಿ ಬ್ರೇಕ್ ತುಳಿಯಲು ಸಮಯ ಸಾಲದು. ಹೀಗಿರುವಾಗ ಗಾಂಜಾ ಸೇದಿ ಸ್ಟಿಯರಿಂಗ್ ಹಿಡಿಯುವವನನ್ನು ಏನೆಂದು ಕರೆಯಬೇಕು?

"ನಾನೇನೂ ಕುಡಿದಿಲ್ಲವಲ್ಲ" ಎಂಬುದು ಅಂಥವರ ಮೊದಲ ಸಮರ್ಥನೆ. ಗಾಂಜಾ ಸೇದಿದವನು ನಿಧಾನವಾಗಿಯೇ ಓಡಿಸುತ್ತಾನೆಂಬ ವಾದವೂ ಇದೆ. ಆದರೆ ನಿಧಾನವಾಗುವುದು ವಾಹನವಷ್ಟೇ ಅಲ್ಲ, ಮೆದುಳು ಕೂಡ. ಎದುರಿನ ವಾಹನದ ದೂರವನ್ನು ಅಳೆಯುವ, ರಸ್ತೆಯ ತನ್ನ ಬದಿಯಲ್ಲೇ ಉಳಿಯುವ, ಅಪಾಯ ಕಂಡೊಡನೆ ಸ್ಪಂದಿಸುವ ಶಕ್ತಿಯನ್ನೇ ಅದು ಕುಂದಿಸುತ್ತದೆ. ಸುಮಾರು 49 ಸಾವಿರ ಜನರನ್ನು ಒಳಗೊಂಡ 9 ಅಧ್ಯಯನಗಳನ್ನು ಕ್ರೋಡೀಕರಿಸಿದ ಕೆನಡಾದ ಸಂಶೋಧಕರು, ಗಾಂಜಾ ಸೇವಿಸಿ ವಾಹನ ಓಡಿಸಿದರೆ ಅಪಘಾತದ ಸಂಭವ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆಂದೂ ಮಾರಣಾಂತಿಕ ಅಪಘಾತಗಳಲ್ಲಿ ಇದು ವಿಶೇಷವಾಗಿ ಎದ್ದು ಕಾಣುತ್ತದೆಂದೂ 2012ರಲ್ಲಿ ವರದಿ ಮಾಡಿದರು. ಅಪಾಯ ಅದಕ್ಕಿಂತ ಕಡಿಮೆಯೆಂದು ಅಂದಾಜಿಸಿದ ಅಧ್ಯಯನಗಳೂ ನಂತರ ಬಂದಿವೆ. ಪ್ರಮಾಣದ ಚರ್ಚೆ ತಜ್ಞರಿಗಿರಲಿ. ಇನ್ನೊಬ್ಬರ ಮಗುವಿನ ಪ್ರಾಣವನ್ನು ಎಷ್ಟು ಪಾಲು ಹೆಚ್ಚು ಅಪಾಯಕ್ಕೊಡ್ಡಲು ನಮಗೆ ಅನುಮತಿಯಿದೆ?

ಎರಡನೆಯ ಸಮರ್ಥನೆಗೆ ಧರ್ಮದ ವೇಷ. ಕುರ್‌ಆನ್ ನಿಷೇಧಿಸಿರುವುದು ಮದ್ಯವನ್ನು, ಸೊಪ್ಪನ್ನಲ್ಲ ಎನ್ನುವವರಿದ್ದಾರೆ. ಅಮಲೇರಿಸುವ ಪ್ರತಿಯೊಂದೂ ನಿಷಿದ್ಧವೆಂದು ಪ್ರವಾದಿ(ಸ)ರು ಸ್ಪಷ್ಟಪಡಿಸಿದ ಮೇಲೆ ಈ ಕುತರ್ಕಕ್ಕೆ ಎಡೆಯೆಲ್ಲಿ? ಶತಮಾನಗಳ ಹಿಂದೆಯೇ ಇಮಾಮ್ ಇಬ್ನು ತೈಮಿಯ್ಯಾ ಹಶೀಶನ್ನು ಹರಾಮೆಂದು ಸಾರಿದರು; ಇಮಾಮ್ ಝರ್ಕಶಿ ಈ ವಿಷಯಕ್ಕಾಗಿಯೇ ಪ್ರತ್ಯೇಕ ಗ್ರಂಥ ಬರೆದರು. ಶರೀಅತ್ ಸಂರಕ್ಷಿಸಬಯಸುವ ಐದು ಮೌಲ್ಯಗಳಲ್ಲಿ ಪ್ರಾಣವೂ ಬುದ್ಧಿಯೂ ಸೇರಿವೆ. ಅಮಲಿನ ಚಾಲಕನು ಎರಡನ್ನೂ ಒಂದೇ ಏಟಿಗೆ ಬಲಿಕೊಡುತ್ತಾನೆ.

ಮೂರನೆಯದು ಅತ್ಯಂತ ಅಪಾಯಕಾರಿ. ಅವಘಡ ನಡೆದ ಮೇಲೆ ಮೊಹಲ್ಲಾದ ಹಿರಿಯರು "ತಕ್‌ದೀರ್" ಎಂದು ನಿಟ್ಟುಸಿರಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಧರ್ಮವಿದು. ಪ್ರಮಾದದಿಂದಾದ ಹತ್ಯೆಗೂ ಪರಿಹಾರಧನ ಹಾಗೂ ಪ್ರಾಯಶ್ಚಿತ್ತವನ್ನು ಕುರ್‌ಆನ್ ವಿಧಿಸಿದೆ. ಎಲ್ಲವೂ ವಿಧಿಯೇ ಆಗಿದ್ದರೆ ಆ ಹೊಣೆಗಾರಿಕೆ ಏತಕ್ಕೆ?

ಗಾಂಜಾ ಪ್ರಕರಣದಲ್ಲಿ ಮುಸ್ಲಿಮ್ ಹೆಸರು ಕಂಡೊಡನೆ ಇಡೀ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸುವ ಮಾಧ್ಯಮಗಳಿವೆ. ಆ ಪಕ್ಷಪಾತವನ್ನು ಖಂಡಿಸೋಣ. ಆದರೆ ಅದರ ನೆಪದಲ್ಲಿ ನಮ್ಮ ಮನೆಯ ಬೆಂಕಿಯನ್ನು ಬಚ್ಚಿಡುವುದು ಬೇಡ. ಸುಡುವುದು ನಮ್ಮ ಮಕ್ಕಳನ್ನೇ.

ಸರಕಾರವೂ ಉತ್ತರಿಸಬೇಕು. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಮಾದಕ ವಸ್ತು ಸೇವಿಸಿದ ಚಾಲಕನಿಗೂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಆದರೆ ರಸ್ತೆ ಬದಿಯಲ್ಲಿ ಬಾಯಿಗೆ ಹಿಡಿಯುವ ಸಾಧನ ಗುರುತಿಸುವುದು ಮದ್ಯವನ್ನು ಮಾತ್ರ. ಗಾಂಜಾ ಪತ್ತೆಗೆ ಬೇರೆ ಪರೀಕ್ಷೆ ಬೇಕು. ಆ ಸೌಲಭ್ಯ ತಾಲೂಕು ಮಟ್ಟಕ್ಕೆ ತಲುಪದೆ ಕಾನೂನು ಬರೀ ಕಾಗದವಾಗಿಯೇ ಉಳಿಯುತ್ತದೆ.

ಮೊಹಲ್ಲಾ ಜಮಾಅತ್‌ಗಳು ಸರಕಾರಕ್ಕಾಗಿ ಕಾಯಬೇಕಿಲ್ಲ. ಖತೀಬರು ಜುಮಾ ಮಿಂಬರಿನಿಂದ ಗಾಂಜಾವನ್ನು ಹೆಸರು ಹಿಡಿದೇ ಖಂಡಿಸಲಿ. ಅಮಲಿನ ಮಗನ ಕೈಗೆ ಕೀಲಿ ಕೊಡುವ ತಂದೆಯನ್ನು ಮುತವಲ್ಲಿಗಳು ಪ್ರಶ್ನಿಸಲಿ. ವ್ಯಸನಿಯನ್ನು ಬಹಿಷ್ಕರಿಸದೆ ಚಿಕಿತ್ಸೆಗೆ ಕರೆದೊಯ್ಯಲಿ; ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ 1985ರ ಮಾದಕ ವಸ್ತು ಕಾಯ್ದೆಯ 64-ಎ ಕಲಮು ಸೇವನೆಯ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ವ್ಯಸನಮುಕ್ತಿಗಾಗಿ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಮಯ್ಯತ್ ಹೊರಲು ಧಾವಿಸಿ ಬರುವ ಹೆಗಲುಗಳು, ಅದಕ್ಕೂ ಮೊದಲೇ ಆ ಯುವಕನ ಕೈಯಿಂದ ಕೀಲಿ ಕಸಿದುಕೊಳ್ಳಲು ಬರಬಾರದೇ?