ಕಾಲೇಜು ಸೇರಿದರೆ ಸಾಲದು, ಮುಗಿಸಬೇಕು

ಕೂಲಿಗಾರರ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ನಡುವೆ ಬಿಟ್ಟು ಬಂದವರನ್ನು ಸೋಮಾರಿಗಳೆಂದು ಜರೆಯುವ ಮೊದಲು ಸರಕಾರದ ನಿಯಮಗಳನ್ನೂ ಒಮ್ಮೆ ನೋಡೋಣ.

ವಿಜಾಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಮೆ ಹುಡುಕಿ ಬಂದ ಸಾವಿರಾರು ಕುಟುಂಬಗಳು ಗೋವಾದ ವಾಸ್ಕೋ, ಜುವಾರಿನಗರಗಳಲ್ಲಿ ನೆಲೆಸಿವೆ. ಶಿಕ್ಷಣ ಹಕ್ಕು ಕಾಯಿದೆ 2010ರಿಂದ ಜಾರಿಯಲ್ಲಿದ್ದರೂ ಅದರ ಆಸರೆ 14 ವರ್ಷದವರೆಗೆ ಮಾತ್ರ. ಆಮೇಲೆ ವಿದ್ಯಾರ್ಥಿವೇತನವೇ ಗತಿ. ತೊಡಕು ಇರುವುದು ಅಲ್ಲಿಯೇ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯವರು. ಗೋವಾದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಒಂದು ರಾಜ್ಯದ ಪಟ್ಟಿಯಿಂದ ಬಂದ ಹಕ್ಕನ್ನು ವಲಸೆ ಹೋದ ರಾಜ್ಯದಲ್ಲಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿತು. ದಲಿತ ಕ್ರೈಸ್ತರಿಗಂತೂ 1950ರ ರಾಷ್ಟ್ರಪತಿ ಆದೇಶದಂತೆ ಎಲ್ಲಿಯೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಮೆಟ್ರಿಕ್ ನಂತರದ ಪರಿಶಿಷ್ಟ ವಿದ್ಯಾರ್ಥಿವೇತನವನ್ನು ಮೂಲ ರಾಜ್ಯ ಕೊಡಬೇಕೆಂಬುದು ನಿಯಮ. ಗೋವಾದಲ್ಲೇ ಹುಟ್ಟಿ ಬೆಳೆದ ಮಗು ಕರ್ನಾಟಕದ ನಿವಾಸಿಯೆಂದು ಹೇಗೆ ತೋರಿಸಬೇಕು? ಇತ್ತ ಗೋವಾದ ಹಲವು ಯೋಜನೆಗಳು 15 ವರ್ಷಗಳ ವಾಸದ ದಾಖಲೆ ಕೇಳುತ್ತವೆ. ಬಾಡಿಗೆ ಕೋಣೆ ಬದಲಿಸುತ್ತ ಬಂದವರ ಬಳಿ ಅದು ಎಲ್ಲಿಂದ ಬಂದೀತು? ಎರಡು ಸರಕಾರಗಳ ನಡುವೆ ಮಗು ಯಾರಿಗೂ ಸೇರದಂತಾಗಿದೆ.

2020ರ ಶಿಕ್ಷಣ ನೀತಿಯಂತೆ ಪದವಿಯ ಒಂದು ವರ್ಷ ಓದಿ, ಬೇಸಿಗೆಯಲ್ಲಿ ಕಸುಬಿನ ತರಬೇತಿ ಮುಗಿಸಿ ಹೊರಬಂದರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಸಿಗುತ್ತದೆ. ಮೂರು ವರ್ಷದೊಳಗೆ ಮರಳಿ ಸೇರಿ, ಒಟ್ಟು ಏಳು ವರ್ಷದೊಳಗೆ ಪದವಿ ಮುಗಿಸಬಹುದು. ಇದು ಒಳ್ಳೆಯದೇ. ಆದರೆ ಅನುಕೂಲಸ್ಥರ ಮಗ ಇಷ್ಟಪಟ್ಟು ಹೊರಬರುತ್ತಾನೆ. ಕೂಲಿಯವರ ಮಗಳನ್ನು ಬಡತನ ಹೊರದೂಡುತ್ತದೆ. ಈ ಎರಡನ್ನೂ ಒಂದೇ ಲೆಕ್ಕಕ್ಕೆ ಬರೆದು ಸರಕಾರ ಸುಮ್ಮನಾಗಬಾರದು. ಹೊರಹೋಗಲು ಬಾಗಿಲು ತೆರೆದವರು ಒಳಗೆ ಉಳಿಯಲು ಅನ್ನ, ಬಸ್ಸಿನ ಖರ್ಚು, ಹಾಸ್ಟೆಲು ಕೊಡಬೇಡವೇ?

ವಿದ್ಯಾರ್ಥಿವೇತನವು ವಿದ್ಯಾರ್ಥಿಯೊಡನೆ ಗಡಿ ದಾಟಿ ಬರಲಿ. ಉಭಯ ಸರಕಾರಗಳು ಕೂತು ಇದನ್ನು ಇತ್ಯರ್ಥ ಮಾಡಲಿ. ಇದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನಾವೂ ಕೈಕಟ್ಟಿ ಕೂರಬಾರದು. ಊರಿಗೆ ಹೋದಾಗ ತಹಸೀಲ್ದಾರ ಕಚೇರಿಯಿಂದ ತಂದೆಯ ಜಾತಿ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮಗುವಿನ ಪತ್ರಕ್ಕೆ ಅದೇ ಆಧಾರ. ಬಾಡಿಗೆ ಚೀಟಿ, ಶಾಲೆಯ ದಾಖಲೆ, ಪಡಿತರ ಚೀಟಿ ಜೋಪಾನವಾಗಿಡಿ. ಓದು ಬಿಟ್ಟ ಮಕ್ಕಳಿದ್ದರೆ ಅವಧಿ ಮೀರುವ ಮೊದಲೇ ಮತ್ತೆ ಕಾಲೇಜಿಗೆ ಕಳಿಸಿ. ತೋಟದ ಲೈನು ಮನೆಗಳಲ್ಲಿರುವ ಬಂಧುಗಳೇ, ಕೂಲಿಗಾಗಿ ನಾಳೆ ನೀವೂ ಗಡಿ ದಾಟಬೇಕಾದೀತು. ಕಾಗದಪತ್ರಗಳನ್ನು ಇಂದೇ ಸಿದ್ಧಪಡಿಸಿಕೊಳ್ಳಿ.